3ಬಿ ವಾರದಲ್ಲಿ ಮೇಲ್ ಪೆಟ್ಟಿಗೆ

ದಾವಣಗೆರೆ, 18 ಜುಲೈ 2025, ಶುಕ್ರವಾರ

ನಾಡಿದ್ದು 20. ಭಾನುವಾರ ಬಿದ್ದಿದ್ದರೂ ತಿಂಗಳು ತಿಂಗಳು ಹಾಕುವ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿಗೆ ಕೊನೆಯ ದಿನ ಅದೇ. ತಪ್ಪಿದರೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ. ಮಂಡಿಪೇಟೆಯ ಬಟ್ಟೆ ಅಂಗಡಿ, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರ, ಎಲ್ಲರ ಲೆಕ್ಕವೂ ತೆರಿಗೆ ಆಫೀಸಿನ ಮೇಜಿಗೆ ಒಟ್ಟಿಗೆ ಬಂದು ಬೀಳುವ ವಾರ. ಮೇಲ್ ಮಳೆಯೂ ಇದೇ ವಾರ.

ಕೆಲಸ ಕೆಡುವುದು 2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ) ಹೊಂದಿಸುವಾಗ. 14ಕ್ಕೆ ಪೋರ್ಟಲ್‌ನಲ್ಲಿ ಬಂದ 2ಬಿಯನ್ನು ಖರೀದಿ ರಿಜಿಸ್ಟರಿನ ಪಕ್ಕ ಇಟ್ಟು ಒಂದೊಂದೇ ಸಾಲು ನೋಡಬೇಕು. ರಿಜಿಸ್ಟರಿನಲ್ಲಿ ಬಿಲ್ ನಂಬರ್ 24, 2ಬಿಯಲ್ಲಿ 024/25-26. ಎಕ್ಸೆಲ್‌ಗೆ ಇವೆರಡೂ ಬೇರೆ ಬೇರೆ. ದಿನಾಂಕ, ಮೊತ್ತ, ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಮೂರನ್ನೂ ತಲೆಯಲ್ಲಿ ಹಿಡಿದಿದ್ದರೆ ಮಾತ್ರ ಒಂದೇ ಬಿಲ್ ಅಂತ ಗೊತ್ತಾಗುತ್ತದೆ. ಅಷ್ಟರಲ್ಲಿ ಮೂಲೆಯಲ್ಲಿ ಮೇಲ್ ಇಣುಕಿತು, ಓದಿ ಬಂದದ್ದಾಯಿತು, ಶುರುವಾದದ್ದು ಒಂದು ಸಾಲು ಕೆಳಗಿಂದ. ಬಿಟ್ಟುಹೋದದ್ದು ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸಿ ಸಪ್ಲೈಯರ್ ಕೊಟ್ಟ ಚೀಟಿ) ಆಗಿದ್ದರೆ ಐಟಿಸಿ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಕಡಿತ, ಹೆಚ್ಚು ತೆಗೆದುಕೊಂಡಂತೆ. ಬೆಣ್ಣೆ ದೋಸೆಗೆ ಎದ್ದುಹೋದರೂ ಇಷ್ಟು ನಷ್ಟವಿಲ್ಲ. ದೋಸೆ ನಮ್ಮನ್ನು ಏನೂ ಕೇಳುವುದಿಲ್ಲ.

ಹಾಗಾಗಿ ಈ ವಾರ ಮೇಲ್‌ಗೆ ಮೂರೇ ಹೊತ್ತು: 10:15, 1:45, 5:00. ಪ್ರತಿಸಲ ಅರ್ಧ ಗಂಟೆ. ಉಳಿದ ಹೊತ್ತು ಜಿಮೇಲ್ ಟ್ಯಾಬನ್ನು ಪೂರ್ತಿ ಮುಚ್ಚಬೇಕು. ಪಕ್ಕಕ್ಕೆ ಸರಿಸಿಟ್ಟರೆ ಸಾಲದು, ಓದದ ಮೇಲ್‌ಗಳ ಸಂಖ್ಯೆ ಟ್ಯಾಬಿನ ತಲೆಯ ಮೇಲೆ ಕಾಣುತ್ತಲೇ ಇರುತ್ತದೆ. ಫೋನಿನ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಖಾತೆ ಒತ್ತಿ ನೋಟಿಫಿಕೇಶನ್ ‘ನನ್’ ಮಾಡುವುದು. ‘ಹೈ ಪ್ರಯಾರಿಟಿ ಓನ್ಲಿ’ ಅಂತಲೂ ಒಂದಿದೆ. ಆದರೆ ಯಾವುದು ಮುಖ್ಯ ಅಂತ ಅಲ್ಲಿ ತೀರ್ಮಾನಿಸುವುದು ಗೂಗಲ್, ನಾವಲ್ಲ. ನಿಜವಾಗಿ ಅರ್ಜೆಂಟ್ ಇದ್ದವರು ಹೇಗೂ ಫೋನ್ ಮಾಡುತ್ತಾರೆ.

ಮೇಲ್‌ಗೆ ಹೋಗುವ ಮುಂಚೆ ನಿಂತ ಸಾಲಿಗೆ ಹಳದಿ ಬಣ್ಣ ಬಳಿದು, ಪಕ್ಕದ ಖಾನೆಯಲ್ಲಿ ಮುಂದೇನು ಅಂತ ನಾಲ್ಕು ಪದ ಬರೆಯಬೇಕು: ‘ಮೊತ್ತ ಸರಿ, ದಿನಾಂಕ ನೋಡು’. ಹತ್ತು ಸೆಕೆಂಡಿನ ಕೆಲಸ.

ಫಿಲ್ಟರ್ ವಿಷಯದಲ್ಲಿ ಎಚ್ಚರ. ಸಿಸಿಯಲ್ಲಿ ಬಂದದ್ದನ್ನು cc:me (ಸಿಸಿಯಲ್ಲಿ ನಮ್ಮ ವಿಳಾಸವಿರುವ ಎಲ್ಲ ಮೇಲ್) ಬದಲು ಕಳಿಸಿದವರ ವಿಳಾಸದ ಮೇಲೆ ಬೇರ್ಪಡಿಸುವುದು ಒಳ್ಳೆಯದು. ಹೊಸ ಪಾರ್ಟಿಗಳು ಎಷ್ಟೋ ಸಲ ಮುಖ್ಯ ಪ್ರಶ್ನೆಯನ್ನೂ ಸಿಸಿಯಲ್ಲೇ ಹಾಕಿರುತ್ತಾರೆ. ‘ಇನ್‌ವಾಯ್ಸ್’ ಎಂಬ ಪದ ಹಿಡಿದು ಫಿಲ್ಟರ್ ಮಾಡಿದರೆ ಬಿಲ್ ಜೊತೆ ತಕರಾರೂ ಮರೆಯಾಗುತ್ತದೆ.

ಮೇಲ್ ಕಡಿಮೆ ಬರಬೇಕಾದರೆ ಹೋಗುವ ಮೇಲ್ ಗಟ್ಟಿ ಇರಬೇಕು. ‘2ಬಿಯಲ್ಲಿ ನಿಮ್ಮ ಬಿಲ್ ಇಲ್ಲ’ ಅಂತಷ್ಟೇ ಬರೆದರೆ ‘ಯಾವ ಬಿಲ್?’ ಎಂದು ಒಂದು, ‘ಯಾವ ತಿಂಗಳದ್ದು?’ ಎಂದು ಇನ್ನೊಂದು. ಬಿಲ್ ನಂಬರ್, ದಿನಾಂಕ, ತೆರಿಗೆ ಮೊತ್ತ, ಜಿಎಸ್‌ಟಿಐಎನ್ ಎಲ್ಲ ಒಂದೇ ಮೇಲ್‌ನಲ್ಲಿ. ವಿಷಯದ ಸಾಲಿನಲ್ಲಿ ‘ಜೂನ್ 2ಬಿ: 2 ಬಿಲ್ ಕಾಣುತ್ತಿಲ್ಲ, 19ರೊಳಗೆ ಉತ್ತರ ಬೇಕು’. ತಿಂಗಳು ತಿಂಗಳು ರಿಟರ್ನ್ ಹಾಕುವ ಸಪ್ಲೈಯರ್ 11 ದಾಟಿ ಜಿಎಸ್‌ಟಿಆರ್-1 (ಮಾರಾಟದ ವಿವರ) ಹಾಕಿದ್ದರೆ ಆ ಬಿಲ್ ಮುಂದಿನ 2ಬಿಯಲ್ಲೇ ಬರುವುದು. ಅದಕ್ಕೆ ಮೇಲ್ ಮೇಲೆ ಮೇಲ್ ಕಳಿಸಿ ಪ್ರಯೋಜನವಿಲ್ಲ.

ಸ್ಕ್ಯಾನ್ ಕಳಿಸುವಾಗ ಇನ್ನೊಂದು. ಅಟ್ಯಾಚ್‌ಮೆಂಟ್ ದಾರಿಯಲ್ಲಿ ಸುಮಾರು ಮೂರನೇ ಒಂದು ಪಾಲು ಉಬ್ಬುತ್ತದೆ, ಪ್ರತಿ 3 ಬೈಟ್ 4 ಅಕ್ಷರವಾಗಿ ಹೋಗುವುದರಿಂದ. 10 ಎಂಬಿ ಮಿತಿಯ ಸರ್ವರ್‌ಗೆ 8 ಎಂಬಿ ಫೈಲ್ ಹಾಕಿದರೆ ಹಿಂದಕ್ಕೆ ಬರುತ್ತದೆ. 7 ಎಂಬಿ ಒಳಗಿರಲಿ.

ನಾಳೆ ಫೈಲಿಂಗ್. ಇವಿಸಿ ಓಟಿಪಿ (ರಿಟರ್ನ್ ಖಚಿತಪಡಿಸುವ ಸಂಖ್ಯೆ) ಹೋಗುವುದು ಪಾರ್ಟಿಯ ಮೊಬೈಲ್‌ಗೆ, ಮೇಲ್‌ಗೆ, ಆಫೀಸಿಗಲ್ಲ. ಸಂಜೆ ಗಿರಾಕಿಗಳ ನಡುವೆ ಅಂಗಡಿಯವರು ಅದನ್ನು ನೋಡುವುದಿಲ್ಲ. ಬೆಳಗ್ಗೆ 11ರಿಂದ ಯಾರ್ಯಾರಿಗೆ ಎಷ್ಟು ಹೊತ್ತಿಗೆ ಅಂತ ಇವತ್ತೇ ಫೋನ್ ಮಾಡಿ ಹೇಳಿಡಬೇಕು.