ಡಬ್ಬಿಯಲ್ಲಿಟ್ಟ ಲಾವಾ

ನೈರೋಬಿಯಲ್ಲಿ ಕೆಲಸಕ್ಕಿದ್ದಾಗ, 2004ರ ಜುಲೈನಲ್ಲಿ, ಗಡಿಯಾಚೆ ತಾಂಜಾನಿಯಾದ ಓಲ್ ಡೊಯ್ನ್ಯೊ ಲೆಂಗಾಯ್ ಜ್ವಾಲಾಮುಖಿ ಹತ್ತಿದ್ದೆ. ಮಸಾಯಿ ಭಾಷೆಯಲ್ಲಿ ‘ದೇವರ ಬೆಟ್ಟ’ ಎಂದರ್ಥ. ಹೊರಟಿದ್ದು ನಡುರಾತ್ರಿ; ಬಿಸಿಲೇರಿದರೆ ಆ ಬೋಳು ಬೂದಿಯ ಏರು ಯಾರಿಗೂ ಬೇಡ. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರುತ್ತಿತ್ತು.

ಕೆಂಡದ ಹೊಂಡ ಕಾಣುತ್ತದೆ ಎಂದುಕೊಂಡಿದ್ದವನಿಗೆ ಮೇಲೆ ಕಂಡದ್ದು ಸುಣ್ಣ ಬಳಿದಂತಹ ಬಯಲು. ನಡುವೆ ದೊಡ್ಡ ಹುತ್ತಗಳು. ಒಂದು ಹುತ್ತದ ಬುಡದಿಂದ ಹಳೆಯ ಎಂಜಿನ್ ಆಯಿಲ್‌ನಂತಹ ಕಪ್ಪು ದ್ರವ ಸರಸರನೆ ಹರಿಯುತ್ತಿತ್ತು. ಅದೇ ಲಾವಾ! ಬೇರೆಡೆ 1,100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಲಾವಾ ಇಲ್ಲಿ 500–600 ಅಷ್ಟೇ. ಹಗಲಲ್ಲಿ ಕೆಂಪಗೆ ಹೊಳೆಯುವುದೂ ಇಲ್ಲ. ಅದರಲ್ಲಿ ಸಿಲಿಕಾ ಇಲ್ಲವೆನ್ನುವಷ್ಟು ಕಡಿಮೆ, ಇರುವುದೆಲ್ಲ ಹೆಚ್ಚಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಕಾರ್ಬೊನೇಟುಗಳು. ನಮ್ಮಜ್ಜಿ ಬಟ್ಟೆ ಒಗೆಯಲು ತರುತ್ತಿದ್ದ ಚೌಳು ಮಣ್ಣಿನ ನೆಂಟ. ಇಂತಹ ಲಾವಾ ಕಾರುವ ಜೀವಂತ ಜ್ವಾಲಾಮುಖಿ ಜಗತ್ತಿನಲ್ಲಿ ಇದೊಂದೇ.

ಆರಿದ ತುಂಡೊಂದನ್ನು ಸ್ಟೀಲ್ ಡಬ್ಬಿಯಲ್ಲಿ ಮನೆಗೆ ತಂದೆ. ಇದ್ದಿಲಿನಷ್ಟು ಕಪ್ಪಗಿದ್ದದ್ದು ಗಾಳಿಯ ತೇವ ಹೀರಿ ಬೂದುಬಣ್ಣಕ್ಕೆ ತಿರುಗಿತು, ಕೊನೆಗೆ ಬಿಳಿ ಪುಡಿಯಾಯಿತು. ಅಡುಗೆ ಸೋಡಾ ಎಂದುಕೊಂಡು ಯಾರಾದರೂ ಇಡ್ಲಿ ಹಿಟ್ಟಿಗೆ ಹಾಕಿಯಾರೆಂದು ಹೆಂಡತಿ ಡಬ್ಬಿಗೆ ‘ಕಲ್ಲು’ ಎಂದು ಚೀಟಿ ಅಂಟಿಸಿದಳು. ಇದರೊಳಗಿನ ಒಂದು ಖನಿಜಕ್ಕೆ ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರ ಹೆಸರಿದೆ: ನ್ಯೆರೆರೈಟ್. ಮಳೆ ಬಿದ್ದರೆ ಉಳಿಯದ ವಸ್ತುವಿಗೆ ರಾಷ್ಟ್ರಪಿತನ ಹೆಸರಿಟ್ಟವರ ಧೈರ್ಯ ದೊಡ್ಡದು.

2007ರ ಜುಲೈ 17ರ ಸಂಜೆ ನೈರೋಬಿಯ ನಮ್ಮ ಕಚೇರಿ ತೂಗಾಡಿತು. ಫೈಲುಗಳನ್ನು ಬಿಟ್ಟು ಮೆಟ್ಟಿಲಿಳಿದು ಓಡಿದೆವು. 5.9 ತೀವ್ರತೆಯ ಆ ಕಂಪನದ ಮೂಲ ಲೆಂಗಾಯ್‌ನ ನೆರೆಯ ಗೆಲಾಯ್ ಬೆಟ್ಟದ ಬಳಿ. ಈ ಬೆಟ್ಟಗಳಿರುವ, ಆಫ್ರಿಕಾ ಸೀಳುತ್ತಿರುವ ರಿಫ್ಟ್ ಕಣಿವೆಯ ನೆಲದಡಿ, ಬಿರುಕಿನೊಳಗೆ ಶಿಲಾಪಾಕ ನುಗ್ಗಿತ್ತು. ಸೆಪ್ಟೆಂಬರ್ 4ರಂದು ಲೆಂಗಾಯ್ ಸಿಡಿದು ಬೂದಿಯ ಕಂಬ ಎಬ್ಬಿಸಿತು. 1917, 1940 ಮತ್ತು 1966ರಲ್ಲಿ ಸಿಡಿದಿದ್ದ ಹಾಗೆಯೇ. ಈ ಬಾರಿ ಕೆಳಗಿನಿಂದ ಬಂದ ಸಿಲಿಕಾಯುಕ್ತ ಶಿಲಾಪಾಕ ಸೋಡಾ ಲಾವಾದೊಡನೆ ಬೆರೆತಿತ್ತು. ತಿಂಗಳುಗಟ್ಟಲೆ ಸಿಡಿದ ಮೇಲೆ ಹುತ್ತಗಳೂ ಇಲ್ಲ, ಬಿಳಿ ಬಯಲೂ ಇಲ್ಲ. ನಾವು ಕೂತು ಚಪಾತಿ ತಿಂದಿದ್ದ ಜಾಗ ನೂರಾರು ಅಡಿ ಆಳದ ಕುಳಿಯಾಯಿತು. ಅದರ ತಳದಲ್ಲಿ ಈಗ ಮತ್ತೆ ಅದೇ ಕಪ್ಪು ಲಾವಾ ಒಸರುತ್ತಿದೆ.