ನಿಕಲ್ ಪ್ರಾಜೆಕ್ಟ್ ಅಪ್‌ಡೇಟ್: 530 ನ್ಯಾನೋಮೀಟರ್‌ದಾಗ ಗ್ರಾಫ್‌ದ ಪೀಕ್ 0.75ಕ್ಕ ಬಂದು ನಿಂತದ

ನಿಕಲ್ ಅಯಾನಿನ ಕೋಆರ್ಡಿನೇಶನ್ ನಂಬರ್ (ಅದಕ್ಕ ನೇರ ಅಂಟ್ಕೊಂಡ ಪರಮಾಣು ಎಷ್ಟು ಅನ್ನೋದು) ರೀಡಿಂಗ್ ತಗೊಂಡೇ ತೆಗೀಬೇಕು ಅಂತ ಹಿಡಿದ ಕೆಲಸ ಈ ವಾರ ಒಂದು ಹಂತಕ್ಕ ಬಂತು. ಮೆಥಡ್ ಪಾಲ್ ಜಾಬ್ ಅನ್ನೋ ಕೆಮಿಸ್ಟ್ 1928ರಾಗ ಕೊಟ್ಟಿದ್ದೇ. ನಿಕಲ್ ಸಲ್ಫೇಟ್, ಎಥಿಲೀನ್‌ಡೈಅಮೀನ್ ಎರಡೂ 0.4 ಮೋಲಾರ್ ಮಾಡ್ಕೊಂಡು, ಒಟ್ಟು ವಾಲ್ಯೂಮ್ ಬದಲಾಗದಂಗ ಒಂದು ಇಳಿಸ್ತಾ ಇನ್ನೊಂದು ಏರಿಸ್ತಾ ಹೋಗಿ ಪ್ರತಿ ಮಿಕ್ಸ್ಚರ್‌ದೂ ಅಬ್ಸಾರ್ಬೆನ್ಸ್, ಅಂದ್ರ ಎಷ್ಟು ಬೆಳಕು ಹೀರ್ತದ ಅನ್ನೋದು, ನೋಡೋದು.

ಲ್ಯಾಬ್‌ನ್ಯಾಗ ಎಥಿಲೀನ್‌ಡೈಅಮೀನ್‌ಗೆ 'ಎನ್' ಅಂತೀವಿ. ಅದು ಗಾಳಿಯಾಗಿನ ನೀರು, ಕಾರ್ಬನ್ ಡೈಆಕ್ಸೈಡ್ ಎರಡೂ ಎಳ್ಕೋತದ, ಹಂಗಾಗಿ ಲೇಬಲ್ ನಂಬದೆ ಮೀಥೈಲ್ ಆರೆಂಜ್ ಹಾಕಿ ಆಸಿಡ್ ಟೈಟ್ರೇಶನ್ ಮಾಡೇ ಸ್ಟ್ರೆಂತ್ ತೆಗೆದೆ, ಒಂದು ಎನ್‌ಗೆ ಎರಡು ಎಚ್‌ಸಿಎಲ್. ಕರೆಂಟ್ ಹೋಗಿ ಬಂದಾಗೆಲ್ಲ ಮಷೀನಿನ ಬ್ಲಾಂಕ್ (ಸೊನ್ನೆ ರೀಡಿಂಗ್) ಮತ್ತ ಸೆಟ್ ಮಾಡಿದೆ.

ಹಸಿರು ನೀರು ತಿಳಿನೀಲಿ ಆಗಿ, ನೀಲಿ ಆಗಿ, ಕಡೀಕ ನೇರಳೆ ಆಗೋದು ನೋಡ್ಲಾಕ ಭಾಳ ಛಂದ. ಆದ್ರ ಒಂದೇ ವೇವ್‌ಲೆಂತ್‌ನ್ಯಾಗ ನೋಡಿದ್ರ ಅರ್ಧ ಕಥೀನೇ ಸಿಗ್ತದ. ಬರೀ ನಿಕಲ್‌ದ ಅಬ್ಸಾರ್ಬೆನ್ಸ್ ಕಳೆದು ಗ್ರಾಫ್ ಹಾಕಿದ್ಮ್ಯಾಲ 622 ನ್ಯಾನೋಮೀಟರ್‌ದಾಗ ಪೀಕ್ ಎನ್‌ದ ಮೋಲ್ ಫ್ರಾಕ್ಷನ್ (ನಿಕಲ್, ಎನ್ ಎರಡೂ ಕೂಡಿದ್ರಾಗ ಎನ್‌ದ ಪಾಲು) 0.5 ಹತ್ರ, 578ರಾಗ 0.67 ಹತ್ರ, 530ರಾಗ 0.75. ಅಂದ್ರ ಒಂದು, ಎರಡು, ಮೂರು ಎನ್ ಹಿಡ್ಕೊಂಡ ಮೂರೂ ಕಾಂಪ್ಲೆಕ್ಸ್ ಬ್ಯಾರೆ ಬ್ಯಾರೆ ಕಾಣ್ತಾವ. ಇದರಾಗ ಕಡೀದಷ್ಟೇ ನಮಗ ಬೇಕಾಗಿದ್ದು, ಯಾಕಂದ್ರ ಮೊದಲೆರಡರಾಗ ಉಳಿದ ಜಾಗ ನೀರು ಹಿಡಿದಿರ್ತದ, ಈ ಗ್ರಾಫಿಗೆ ನೀರು ಕಾಣಲ್ಲ. ಎನ್‌ದ 0.75 ಭಾಗಿಸು ನಿಕಲ್‌ದ 0.25, ಮೂರು. ಎನ್ ಎರಡು ನೈಟ್ರೋಜನ್‌ಲಿಂದ ಹಿಡೀತದ, ಅದಕ್ಕ ಆರು. ಆ 'ಎರಡು' ಅನ್ನೋದು ಎನ್‌ದ ರಚನೆಯಿಂದ ಬಂದದ್ದು, ಗ್ರಾಫ್ ಹೇಳಿದ್ದು ಮೂರು ಅಷ್ಟೇ, ರಿಪೋರ್ಟ್‌ನ್ಯಾಗ ಇದನ್ನ ಬಿಡಿಸಿ ಬರೀಲೇಬೇಕು.

ಅಮೋನಿಯಾ ಸಸ್ತಾ ಸಿಗ್ತದಲ್ಲ, ಅದೇ ಯಾಕ ಹಾಕಿಲ್ಲ ಅಂತ ದೋಸ್ತ್ ಕೇಳಿದ. ಅದೂ ಆರೇ ಕೂಡ್ತಾವ, ಆದ್ರ ಆರನೇದು ಭಾಳ ಸಡಿಲ, ಲಾಗ್ ಕೆ (ಎಷ್ಟು ಗಟ್ಟಿ ಹಿಡೀತದ ಅನ್ನೋದರ ಅಳತೆ) ಸೊನ್ನೆ ಹತ್ರ, ಪೀಕ್ 0.86ಕ್ಕ (ಏಳರಾಗ ಆರು) ಸ್ವಚ್ಛ ಬರಲ್ಲ. ಎನ್‌ಗೆ ಮೂರನೇದಕ್ಕೂ ಲಾಗ್ ಕೆ 4ರ ಮ್ಯಾಲ ಅದ.

ಮುಂದ ಕಾಪರ್ ಸಲ್ಫೇಟ್, ನಮ್ಮ ಬೀದರ್‌ನ್ಯಾಗ ಬಿದರಿ ಕೆಲಸದವರು ಕೆತ್ತೋಕ್ಕಿಂತ ಮೊದಲು ಹಚ್ಚಿ ಕರಿ ಮಾಡ್ಕೊಳ್ಳೋ ಮೈಲುತುತ್ತ ಅದೇ. ನೀರಿನಾಗ ಅದಕ್ಕ ಮೂರನೇ ಎನ್ ಸರಿಯಾಗಿ ಕೂಡಲ್ಲ, 550ರಾಗ ಪೀಕ್ 0.67ಕ್ಕೇ ಬರ್ಬೇಕು, ಅಂದ್ರ ಎರಡು ಎನ್, ಲೆಕ್ಕ ನಾಲ್ಕು. ಆದ್ರ ಮ್ಯಾಲ ಕೆಳಗ ದೂರದಾಗ ನೀರು ಇರ್ತಾವ, ಅವನ್ನ ಎಣಿಸ್ಬೇಕೋ ಬ್ಯಾಡೋ ಅನ್ನೋದರ ಮ್ಯಾಲೇ ಈಗ ತಲಿ ಓಡ್ಲಾಕತ್ತದ.