ಮುಟ್ಟಿನ ಆ್ಯಪ್‌ನಲ್ಲಿ ನಾನು ಮೊದಲು ನೋಡುವುದು ತಾರೀಕನ್ನಲ್ಲ

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಕ್ಲಿನಿಕ್‌ನಲ್ಲಿ ನಾನು ನರ್ಸ್. "ಸಿಸ್ಟರ್, ಡೇಟ್ ಆಗಿದೆ, ಒಂದು ಮಾತ್ರೆ ಕೊಡಿ" ಅನ್ನೋದು ಇಲ್ಲಿ ದಿನಾ ಕೇಳುವ ಮಾತು. ಈಗೀಗ ಮಾತಿನ ಜೊತೆ ಫೋನೂ ಮುಂದೆ ಬರುತ್ತದೆ. "ನಾಡಿದ್ದು ಅಂತ ತೋರಿಸ್ತಿತ್ತು ಸಿಸ್ಟರ್, ಇವತ್ತೇ ಆಗೋಯ್ತು!"

ಆಗದೆ ಏನು? ಆ್ಯಪ್ ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಒಂದು ತಾರೀಕು ಹೇಳುತ್ತದೆ, ಅಷ್ಟೇ. ಮುಟ್ಟು ಏರುಪೇರಾಗುವ ಪಿಸಿಒಡಿ ತೊಂದರೆ ಇರುವವರಿಗಂತೂ ಅದು ಬರೀ ಅಂದಾಜು. ಅದರಲ್ಲಿ ಕಾಣುವ 'ಸೇಫ್' ದಿನ, ಅಂದರೆ ಗರ್ಭ ನಿಲ್ಲದ ದಿನಗಳನ್ನು ನಂಬಿಕೊಂಡವರನ್ನು ಕಂಡರೆ ನನಗೆ ಭಯ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಣು ಬಿಡುಗಡೆಯಾಗುತ್ತದೆ. ಆ ಮುಟ್ಟು ಯಾವತ್ತು ಅಂತಲೇ ಗೊತ್ತಿಲ್ಲದಿದ್ದರೆ ಹಿಂದಕ್ಕೆ ಎಣಿಸೋದು ಎಲ್ಲಿಂದ?

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಆ್ಯಪ್‌ನಲ್ಲಿ ನೋಟ್ಸ್ ಬರೆಯುವ ಜಾಗ. ಒಬ್ಬ ಟೈಲರ್ ಹುಡುಗಿ ಸುಸ್ತು, ತಲೆಸುತ್ತು ಅಂತ ಪದೇ ಪದೇ ಬರುತ್ತಿದ್ದಳು. "ಬ್ಲೀಡಿಂಗ್ ಜಾಸ್ತಿನಾ?" ಅಂದರೆ, "ಎಲ್ಲರಿಗೂ ಆಗೋ ಹಾಗೇ ಸಿಸ್ಟರ್" ಅನ್ನೋಳು. ಎಲ್ಲರಿಗೂ ಎಷ್ಟಾಗುತ್ತೆ ಅಂತ ಅವಳಿಗೇನು ಗೊತ್ತು, ಅಲ್ವಾ? ದಿನಕ್ಕೆ ಎಷ್ಟು ಪ್ಯಾಡ್, ಹೆಪ್ಪು ಬಿತ್ತಾ, ಇಷ್ಟು ಬರಿ ಸಾಕು ಅಂದೆ. ಎರಡು ಮುಟ್ಟು ಕಳೆದ ಮೇಲೆ ತೋರಿಸಿದಳು. "ಎರಡನೇ ದಿನ. 9 ಪ್ಯಾಡ್. ಬೆಳಿಗ್ಗೆ ಗಂಟೆಗೊಂದು. ದೊಡ್ಡ ಹೆಪ್ಪು. ಲೈನ್‌ನಿಂದ ಏಳೋಕೆ ಹೆದರಿಕೆ." ಕಾರ್ಮಿಕರ ವಿಮೆಯ ಇಎಸ್‌ಐ ಡಾಕ್ಟರ್ ಮುಂದೆ ಬಾಯಿ ಬಿಡೋಕೆ ನಾಚಿಕೆ, ಫೋನನ್ನೇ ಕೊಟ್ಟಳಂತೆ. ಅವರು ಓದಿ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡೂ ಬರೆದುಕೊಟ್ಟರು. ಹಿಮೋಗ್ಲೋಬಿನ್ 8ರ ಹತ್ತಿರ ಇತ್ತು. ಹೆಂಗಸರಲ್ಲಿ 12ಕ್ಕಿಂತ ಕಮ್ಮಿ ಅಂದರೇ ರಕ್ತಹೀನತೆ.

ಹೊಟ್ಟೆನೋವಿನವರಿಗೆ ಬೇರೆ ಲೆಕ್ಕ ಹೇಳುತ್ತೇನೆ. ನೋವು ಎಷ್ಟೊತ್ತಿಗೆ ಶುರುವಾಯಿತು, ಮಾತ್ರೆ ಯಾವಾಗ ತಗೊಂಡೆ, ಯಾವಾಗ ಇಳಿಯಿತು. ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್‌ನಂಥ ಮಾತ್ರೆಗಳು ನೋವು ತರುವ ಪ್ರೋಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಮೈಯಲ್ಲಿ ತಯಾರಾಗದಂತೆ ತಡೆಯುತ್ತವೆ. ಹಾಗಾಗಿ ನೋವು ಏರುವ ಮೊದಲೇ ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ, ಅದೂ ಏನಾದರೂ ತಿಂದ ಮೇಲೆ. ನಮ್ಮವರು ಟಾರ್ಗೆಟ್ ಮುಗೀಲಿ ಅಂತ ಹಲ್ಲು ಕಚ್ಚಿ ಕೂತು, ತಡೆಯೋಕಾಗದಾಗ ಬರುತ್ತಾರೆ. ಬರೆದಿಟ್ಟ ಹೊತ್ತು ನೋಡಿದ ಮೇಲೆ ಕೆಲವರು ಈಗ ಬೇಗ ಬರುತ್ತಿದ್ದಾರೆ. ಹೊಟ್ಟೆಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಡಾಕ್ಟರನ್ನು ಕೇಳದೆ ಇವನ್ನು ನಾನು ಕೊಡುವುದಿಲ್ಲ.

ಇನ್ನು ಫೋನಿನ ಪಾಡು. ಎಷ್ಟೋ ಮನೆಗಳಲ್ಲಿ ಒಂದೇ ಫೋನ್. ಮಗ ಗೇಮ್ ಆಡುತ್ತಾನೆ, ಗಂಡ ವಿಡಿಯೋ ನೋಡುತ್ತಾನೆ. ಆ್ಯಪ್‌ಗೆ ಪಿನ್ ಹಾಕಿದರೆ "ಏನು ಮುಚ್ಚಿಡ್ತಿದೀಯ?" ಅಂತ ಶುರು. ಅಂಥವರಿಗೆ ಗೋಡೆಯ ಕ್ಯಾಲೆಂಡರೇ ಸಾಕು ಅನ್ನುತ್ತೇನೆ. ಒಬ್ಬಾಕೆ ಹಾಲಿನ ಲೆಕ್ಕದ ಪಕ್ಕದಲ್ಲೇ ಪ್ಯಾಡಿನ ಲೆಕ್ಕ ಬರೆಯುತ್ತಾಳೆ. ಅದೂ ಹಾಲಿಂದೇ ಅಂತ ಮನೆಯವರು ಸುಮ್ನಿದ್ದಾರಂತೆ.